ಎಲೆಗೆ ಸುಣ್ಣ ಹಚ್ಚಿದಷ್ಟೇ...

ಪೇಸ್ಟ್ ಅಂದರೆ ಹಲ್ಲುಜ್ಜುವುದಷ್ಟೇ ಗೊತ್ತಿರುವವರಿಗೆ ಕಂಪ್ಯೂಟರಿಗೂ ಪೇಸ್ಟ್ ಹಚ್ಚಬೇಕು ಅಂದರೆ ನಗು ಬರುತ್ತದೆ. ನಮ್ಮ ಮನೆಯವಳೂ ನಕ್ಕಿದ್ದಳು. ಆದರೆ ಮುಂಬಯಿಯ ಬೇಸಿಗೆಯಲ್ಲಿ, ಮನೆಯೊಳಗೇ 34 ಡಿಗ್ರಿ ಇರುವಾಗ, ಹಳೆಯ ಕಂಪ್ಯೂಟರ್ ನಂಬಿಕೊಂಡವರಿಗೆ ಇದು ನಗುವ ವಿಷಯವಲ್ಲ ನೋಡಿ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯವರೊಬ್ಬರಿದ್ದಾರೆ, ಹೋಟೆಲಿನಲ್ಲಿ ಕ್ಯಾಶಿಯರ್. ಮಗಳದು ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಏಪ್ರಿಲ್‌ನಲ್ಲಿ ಅವಳ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಇಪ್ಪತ್ತು ನಿಮಿಷಕ್ಕೊಮ್ಮೆ ತಾನೇ ಆಫ್ ಆಗತೊಡಗಿತು. ಪ್ರಾಜೆಕ್ಟ್ ಕೊಡಲು ಉಳಿದಿದ್ದು ಹತ್ತೇ ದಿನ. ಅಂಗಡಿಯವನೊಬ್ಬ "ಬೋರ್ಡ್ ಹೋಗಿದೆ, ಹೊಸತು ತಗೊಳ್ಳಿ" ಅಂದನಂತೆ. "ನಲವತ್ತು ಸಾವಿರ ಎಲ್ಲಿಂದ ತರುವುದು ಮಾರಾಯ್ರೆ, ಫೀಸು ಕಟ್ಟಿಯೇ ಸಾಕಾಯ್ತು" ಅಂತ ಅವರು ನನ್ನ ಬಾಗಿಲಿಗೆ ಬಂದರು.

ಆನ್ ಮಾಡಿ ನೋಡಿದೆ. ಸುಮ್ಮನೆ ಕೂತಾಗಲೇ 72 ಡಿಗ್ರಿ, ಡ್ರಾಯಿಂಗ್ ತೆರೆದರೆ 99! ಇಂಟೆಲ್‌ನ ಅನೇಕ ಪ್ರೊಸೆಸರುಗಳ ಮಿತಿ 100ರ ಆಸುಪಾಸು. ಅಲ್ಲಿಗೆ ಬಂದರೆ ಅದು ಮೊದಲು ವೇಗ ತಗ್ಗಿಸುತ್ತದೆ. ಬಿಸಿ ಆಗಲೂ ಇಳಿಯದಿದ್ದರೆ ಸುಟ್ಟುಹೋಗಬಾರದೆಂದು ಆಫ್ ಆಗುತ್ತದೆ. ಅಂದರೆ ಯಂತ್ರ ಸತ್ತಿರಲಿಲ್ಲ, ಸಾಯದಿರಲು ಒದ್ದಾಡುತ್ತಿತ್ತು. ಕೂಲರ್ ಬಿಚ್ಚಿದರೆ ಹಳೆಯ ಪೇಸ್ಟ್ ಗೋಡೆಯ ಸುಣ್ಣದಂತೆ ಒಣಗಿ ಪುಡಿಯಾಗಿತ್ತು.

ಈ ಪೇಸ್ಟ್ ಮಾಡುವುದೇನು? ಪ್ರೊಸೆಸರಿನ ತಲೆಯೂ ಕೂಲರಿನ ತಳವೂ ಕಣ್ಣಿಗೆ ನುಣುಪು. ಒಳಗೊಳಗೆ ಸಣ್ಣ ಸಣ್ಣ ತಗ್ಗುಗಳು, ಅವುಗಳ ತುಂಬ ಗಾಳಿ. ತಳ ಡೊಂಕಾದ ಕಾವಲಿಗೂ ಒಲೆಗೂ ನಡುವೆ ಜಾಗ ಉಳಿದ ಹಾಗೆ. ಶಾಖ ಹರಿಸುವ ಶಕ್ತಿಯ ಲೆಕ್ಕದಲ್ಲಿ ತಾಮ್ರ ಸುಮಾರು 400 ಅಂದರೆ ಗಾಳಿ 0.026 ಅಷ್ಟೇ! ಪೇಸ್ಟ್ ಆ ಗಾಳಿಯನ್ನು ಓಡಿಸಿ ತಗ್ಗು ತುಂಬುತ್ತದೆ. ಆದರೆ ಒಳ್ಳೆಯ ಪೇಸ್ಟ್ ಕೂಡ ಡಬ್ಬಿಯ ಮೇಲೆ ಬರೆದುಕೊಳ್ಳುವುದು ಎಂಟೋ ಹತ್ತೋ. ಲೋಹದ ಮುಂದೆ ಅದು ಏನೂ ಅಲ್ಲ. ಅದಕ್ಕೇ ದಪ್ಪಗೆ ಮೆತ್ತಿದರೆ ನಷ್ಟ. ವೀಳ್ಯದೆಲೆಗೆ ಸುಣ್ಣ ಹಚ್ಚಿದಷ್ಟೇ ಸಾಕು, ಹೆಚ್ಚಾದರೆ ನಾಲಿಗೆ ಸುಡುತ್ತದೆ!

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವನು ಮೂರು ಬಗೆ ಮುಂದಿಟ್ಟ. ಮೊದಲನೆಯದು ಅಗ್ಗದ ಬಿಳಿ ಪೇಸ್ಟ್, ಸಿಲಿಕೋನ್ ಎಣ್ಣೆಗೆ ಜಿಂಕ್ ಆಕ್ಸೈಡ್ ಪುಡಿ ಕಲಸಿದ್ದು. ಹಗುರ ಕೆಲಸಕ್ಕೆ ನಡೆಯುತ್ತದೆ, ಆದರೆ ದಿನವಿಡೀ ಕಾಯುವ ಯಂತ್ರಕ್ಕೆ ನನಗೆ ಅದರ ಬಾಳಿಕೆಯ ಮೇಲೆ ನಂಬಿಕೆ ಕಡಿಮೆ. ಎರಡನೆಯದು ನಾಲ್ಕು ಗ್ರಾಮಿನ ಬೂದು ಬಣ್ಣದ ಸಿರಿಂಜ್, ನಾನ್ನೂರು ಚಿಲ್ಲರೆ, ವಿದ್ಯುತ್ ಹರಿಸದ ಜಾತಿಯದು. ಮೂರನೆಯದು ದ್ರವ ಲೋಹ. "ಸಬ್ಸೇ ಬೆಸ್ಟ್ ಯಹೀ ಹೈ" ಅಂದ. ಶಾಖ ಹರಿಸುವುದರಲ್ಲಿ ನಿಜಕ್ಕೂ ಅದೇ ಮೇಲು. ಆದರೆ ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ, ಹುಡುಗಿಯ ಕೂಲರಿನ ತಳ ಅಲ್ಯುಮಿನಿಯಂ! ಮೇಲಾಗಿ ವಿದ್ಯುತ್ ಹರಿಸುವ ವಸ್ತು, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಕಥೆ ಮುಗಿಯಿತು. ಎರಡನೆಯದನ್ನೇ ತಂದೆ.

ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಮರುಳಾಗಬೇಡಿ ಅಂತ ನಾನು ಹೇಳುವುದು ಅದಕ್ಕೇ. ಕಂಪನಿಗಳು ಅಳೆಯುವ ವಿಧಾನ ಒಂದೇ ಅಲ್ಲ, ಒಂದನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ಒಳ್ಳೆಯ ಪೇಸ್ಟುಗಳ ನಡುವಿನ ವ್ಯತ್ಯಾಸ ಕೆಲವೇ ಡಿಗ್ರಿ. ಒಣಗಿದ್ದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವೇ ದೊಡ್ಡದು. ಕೂಲರ್ ಯಾವ ಲೋಹದ್ದು, ಇನ್ನೊಮ್ಮೆ ಬಿಚ್ಚುವವರು ಯಾರು, ಎಷ್ಟು ವರ್ಷ ಬಾಳಬೇಕು... ಇಷ್ಟು ಕೇಳಿಕೊಂಡರೆ ಆಯ್ಕೆ ತಾನೇ ಆಗುತ್ತದೆ. ಟೂತ್‌ಪೇಸ್ಟ್ ಹಚ್ಚಿದರೂ ಆಗುತ್ತದೆ ಅನ್ನುವವರಿದ್ದಾರೆ. ಆಗುತ್ತದೆ, ನೀರು ಆರುವ ತನಕ!

ಕೆಲಸವನ್ನು ಹುಡುಗಿಯ ಕೈಯಲ್ಲೇ ಮಾಡಿಸಿದೆ. ಪ್ಲಗ್ ಕಿತ್ತು, ಫ್ಯಾನಿನ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯದನ್ನು ಒರೆಸಿದಳು. ನಡುವೆ ಬಟಾಣಿಗಿಂತ ಚಿಕ್ಕ ಬೊಟ್ಟು. ಕೂಲರನ್ನು ನೇರವಾಗಿ ಇಳಿಸಿ, ನಾಲ್ಕು ಮೂಲೆಗಳನ್ನು ಎದುರುಬದುರಾಗಿ ಒತ್ತಿದಳು. ಬೆರಳಿಂದ ಸವರಲು ಹೋಗಲಿಲ್ಲ, ಒತ್ತಡಕ್ಕೆ ಅದೇ ಹರಡುತ್ತದೆ.

ಸುಮ್ಮನಿದ್ದಾಗ 46, ಡ್ರಾಯಿಂಗ್ ತೆರೆದಾಗ 74. ಅವರಮ್ಮ ಅಡುಗೆಮನೆಯಿಂದಲೇ "ಆಫ್ ಆಯ್ತಾ?" ಅಂತ ಎರಡು ಸಲ ಕೇಳಿದರು. ಆಗಲಿಲ್ಲ. ಪ್ರಾಜೆಕ್ಟೂ ಹೊತ್ತಿಗೆ ಸರಿಯಾಗಿ ಹೋಯಿತು.

ನಿಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ಯಾರಾದರೂ "ಹೊಸತು ತಗೊಳ್ಳಿ" ಅಂದರೆ, ಮೊದಲು ಅದರ ಬಿಸಿ ಎಷ್ಟು ಅಂತ ಕೇಳಿ. ಉತ್ತರ ಬರದಿದ್ದರೆ ನಮಸ್ಕಾರ ಹೇಳಿ ಹೊರಟುಬನ್ನಿ, ಏನಂತೀರಿ?