ಓಲೆಸುಂಡಿನಲ್ಲಿ ಒಂದು ಹಗಲು

ಕಳೆದ ಜನವರಿಯಲ್ಲಿ ಮಗನೊಡನೆ ನಾರ್ವೆಯ ಫಿಯೋರ್ಡುಗಳಲ್ಲಿ ಕೈಗೊಂಡ ನೌಕಾಯಾನದ ನಡುವೆ, ಓಲೆಸುಂಡ್ ಪಟ್ಟಣದಲ್ಲಿ ಒಂದು ಹಗಲು ನೆಲ ಮೆಟ್ಟುವ ಸುಯೋಗ ಒದಗಿತು. ಹಗಲೆಂದರೆ ಹೆಸರಿಗೆ ಹಗಲು. ಒಂಬತ್ತೂವರೆಗೆ ಮೂಡಿದ ಸೂರ್ಯ ನಾಲ್ಕೂವರೆಯೊಳಗೆ ಮುಳುಗಿಯಾಗಿತ್ತು.

ಮೀನುಗಾರರ ಊರೆಂದು ಕೇಳಿದ್ದೆ. ಕಂಡದ್ದು ಗೋಪುರಗಳು, ಲತೆಗಳ ಕೆತ್ತನೆಯುಳ್ಳ ಕಲ್ಲುಮನೆಗಳ ಸಾಲು. ಹಿಂದೆ ಔಷಧದ ಅಂಗಡಿಯಾಗಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದಲ್ಲಿ ಇದರ ಕಾರಣ ತಿಳಿಯಿತು. 1904ರ ಜನವರಿ 23ರ ನಡುರಾತ್ರಿ ಕಳೆದ ಮೇಲೆ, ಬಿರುಗಾಳಿಯಲ್ಲಿ ಹಬ್ಬಿದ ಬೆಂಕಿ ಸುಮಾರು 850 ಮನೆಗಳನ್ನು ನುಂಗಿ ಹತ್ತು ಸಾವಿರ ಜನರನ್ನು ಚಳಿಯಲ್ಲಿ ನಿರ್ವಸಿತರನ್ನಾಗಿಸಿತು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಹಡಗುಗಳಲ್ಲಿ ಆಹಾರ, ಔಷಧಿಗಳನ್ನು ಕಳುಹಿಸಿದನು. 1907ರ ವೇಳೆಗೆ ಊರು ಕಲ್ಲು, ಇಟ್ಟಿಗೆಗಳಲ್ಲಿ ಮತ್ತೆ ಎದ್ದು ನಿಂತಿತ್ತು. ಸತ್ತವಳು ಒಬ್ಬಳೇ ಮುದುಕಿ. ಹಣದ ಚೀಲಕ್ಕಾಗಿ ಮನೆಯೊಳಗೆ ಹಿಂತಿರುಗಿದಳಂತೆ.

ಅಲ್ಲಿಯೇ ನಿಂತುಬಿಟ್ಟೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಗುಡಿಸಲಿಗೆ ಬೆಂಕಿ ಬಿದ್ದಿತು. ಅವ್ವ ಹೀಗೆಯೇ ಒಳನುಗ್ಗಿದಳು, ನನ್ನ ಪಾಟಿಚೀಲಕ್ಕಾಗಿ. ಬದುಕಿ ಹೊರಬಂದಳು, ಬಲಗೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಆ ಚೀಲವನ್ನೇ ಹೆಗಲಿಗೇರಿಸಿಕೊಂಡು ಮರುವರ್ಷ ಈ ಶಾಲೆಗೆ ಬಂದೆ. ಅದರ ಸುಟ್ಟ ಅಂಚು ಕಾಣದಂತೆ ಮಡಚಿ ಹಿಡಿಯುತ್ತಿದ್ದೆನೆಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಮಧ್ಯಾಹ್ನ ಆಕ್ಸ್‌ಲಾ ಗುಡ್ಡದ 418 ಮೆಟ್ಟಿಲುಗಳನ್ನು ಹತ್ತಹೊರಟೆವು. ಹಿಮದಿಂದ ಜಾರುತ್ತಿದ್ದವು, ಮೊಣಕಾಲು ಒಪ್ಪಲಿಲ್ಲ. ಅರ್ಧದಾರಿಯಲ್ಲಿ ಕುಳಿತೆವು. ಕೆಳಗೆ ಒಂದೊಂದಾಗಿ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಅವ್ವನ ಕೈಯ ಸಂಗತಿಯನ್ನು ಮಗನಿಗೆ ಎಂದೂ ಹೇಳಿರಲಿಲ್ಲ. ಅಂದು ಹೇಳಿದೆ.