ವಿಶೇಷ ದಿನದ ಊಟ: ಮಂಗಳೂರಿನಲ್ಲಿ ಕಂಡ ಒಂದು ಪಂಕ್ತಿ

ಬಯಲುಸೀಮೆಯ ನಮ್ಮ ಕುಟುಂಬಗಳು ಘಟ್ಟವಿಳಿದು ಮಂಗಳೂರಿಗೆ ಬರುವುದಕ್ಕೆ ಬಹುಮಟ್ಟಿಗೆ ಮೂರು ಕಾರಣಗಳು: ವಿದ್ಯೆ, ವೈದ್ಯ, ವ್ಯಾಪಾರ. ಇವುಗಳಲ್ಲಿ ಮೊದಲನೆಯದೇ ಹೆಚ್ಚು. 1880ರಲ್ಲಿ ಆರಂಭವಾದ ಸೇಂಟ್ ಅಲೋಶಿಯಸ್ ಕಾಲೇಜು, 1921ರಲ್ಲಿ ಸ್ತ್ರೀಶಿಕ್ಷಣಕ್ಕಾಗಿ ತೆರೆದ ಸೇಂಟ್ ಆಗ್ನೆಸ್ ಕಾಲೇಜು, ಆಮೇಲೆ ಬಂದ ವೈದ್ಯಕೀಯ ಹಾಗೂ ತಾಂತ್ರಿಕ ವಿದ್ಯಾಲಯಗಳು ಈ ಊರನ್ನು ವಿದ್ಯಾನಗರಿಯನ್ನಾಗಿ ಮಾಡಿವೆ. ಮಗನೋ ಮಗಳೋ ಇಲ್ಲಿ ನಾಲ್ಕೈದು ವರ್ಷ ಓದಿ ಪದವಿ ಪಡೆಯುವ ದಿನ ತಂದೆತಾಯಿಗಳು, ಅಜ್ಜ ಅಜ್ಜಿಯರು ಶಿರಾಡಿ ಘಟ್ಟದ ತಿರುವುಗಳನ್ನು ದಾಟಿ ಬರುತ್ತಾರೆ. ಪದವಿ ಪ್ರದಾನ ಮುಗಿಯುತ್ತದೆ, ಚಿತ್ರ ತೆಗೆಸಿಕೊಳ್ಳುವುದೂ ಮುಗಿಯುತ್ತದೆ. ಅನಂತರ ಏಳುವ ಪ್ರಶ್ನೆ ಒಂದೇ: ಈ ಶುಭದಿನದ ಊಟ ಎಲ್ಲಿ?

ಮಕ್ಕಳ ಮನಸ್ಸು ತಾರಾ ಹೋಟೆಲುಗಳ ಕಡೆಗೆ ಹರಿಯುತ್ತದೆ. ಬಿಳಿಯ ಮೇಜುಬಟ್ಟೆ, ಸಾಲಾಗಿ ಜೋಡಿಸಿದ ಚಮಚ ಮುಳ್ಳುಗಳು, ಒಂದರ ಹಿಂದೆ ಒಂದಾಗಿ ಬರುವ ಫ್ರೆಂಚ್ ಹೆಸರಿನ ಭಕ್ಷ್ಯಗಳು ಅವರಿಗೆ ಸಂಭ್ರಮದ ಕುರುಹುಗಳಾಗಿ ಕಾಣುತ್ತವೆ. ಹಿರಿಯರು ಬೇಡವೆನ್ನುವುದಿಲ್ಲ, ಆದರೆ ಅವರ ಒಳಗೊಂದು ಅಳುಕು ಇರುತ್ತದೆ. ಆ ಅಳುಕಿಗೆ ಆಧಾರವಿದೆಯೇ, ಇದ್ದರೆ ಅದಕ್ಕೆ ಪರಿಹಾರವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮಂಗಳೂರಿನ ನಡುಭಾಗಕ್ಕೆ ಹಂಪನಕಟ್ಟೆಯೆಂದು ಹೆಸರು. ಅಪ್ಪಣ್ಣನೆಂಬ ಒಬ್ಬ ಮುದುಕನು ಇಲ್ಲಿಯ ಕಟ್ಟೆಯೊಂದರ ಬಳಿ ಕುಳಿತು, ಬಿಸಿಲಿನಲ್ಲಿ ಬಳಲಿ ಬಂದ ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ. ಆ 'ಅಪ್ಪಣ್ಣನ ಕಟ್ಟೆ'ಯೇ ಜನರ ಬಾಯಲ್ಲಿ ಹಂಪನಕಟ್ಟೆಯಾಯಿತೆಂದು ಊರವರು ಹೇಳುತ್ತಾರೆ. ವಾಹನಗಳ ಗದ್ದಲದಲ್ಲಿ ಇಂದು ಆ ಕಟ್ಟೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೂ ಬಳಲಿದವನಿಗೆ ನೀರಿತ್ತವನ ಹೆಸರು ಒಂದು ನಗರದ ಹೃದಯಕ್ಕೆ ಉಳಿದುಕೊಂಡಿತೆಂಬ ನಂಬಿಕೆಯು ಆ ಊರಿನ ಸಂಸ್ಕೃತಿಗೆ ಸಾಕ್ಷಿ.

ವಿಸ್ಮಯದ ಸಂಗತಿಯೆಂದರೆ, 'ರೆಸ್ಟೋರೆಂಟ್' ಎಂಬ ಫ್ರೆಂಚ್ ಪದದ ಮೂಲಾರ್ಥವೂ ಇದಕ್ಕೆ ಸಮೀಪವಾದುದೇ. ಬಳಲಿದ ದೇಹಕ್ಕೆ ಮರಳಿ ಚೈತನ್ಯ ತರುವಂಥದು ಎಂದು ಆ ಪದದ ಅರ್ಥ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಅದು ಮೊದಲು ಒಂದು ಕಟ್ಟಡದ ಹೆಸರಾಗಿರಲಿಲ್ಲ, ಒಂದು ಬಗೆಯ ಪುಷ್ಟಿಕರವಾದ ಸಾರಿನ ಹೆಸರಾಗಿತ್ತು. 1760ರ ದಶಕದಲ್ಲಿ ಅಂತಹ ಸಾರನ್ನು ಪ್ರತ್ಯೇಕ ಮೇಜುಗಳಲ್ಲಿ ಮಾರುವ ಅಂಗಡಿಗಳು ತೆರೆದವು. ಕ್ರಮೇಣ ಸಾರಿನ ಹೆಸರೇ ಅಂಗಡಿಗೆ ಅಂಟಿಕೊಂಡಿತು. 1789ರ ಕ್ರಾಂತಿಯ ತರುವಾಯ ಶ್ರೀಮಂತರ ಅರಮನೆಗಳಲ್ಲಿದ್ದ ಎಷ್ಟೋ ಬಾಣಸಿಗರು ಒಡೆಯರನ್ನು ಕಳೆದುಕೊಂಡು ಪೇಟೆಗೆ ಬಂದರು. ಹಣ ಕೊಡಬಲ್ಲ ಯಾರಿಗಾದರೂ ಅರಮನೆಯ ಅಡುಗೆ ದೊರೆಯುವಂತಾಯಿತು. ಒಂದರ ಹಿಂದೆ ಒಂದು ತಟ್ಟೆ ಬರುವ ಪದ್ಧತಿಯಂತೂ ಮೂಲತಃ ಫ್ರೆಂಚರದಲ್ಲ. ಮೊದಲು ಅವರ ಔತಣಗಳಲ್ಲಿ ಹಲವು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಇಡುತ್ತಿದ್ದರು. ಸರದಿಯಂತೆ ಬಡಿಸುವ ಕ್ರಮವು ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯಾದಿಂದ ಅಲ್ಲಿಗೆ ಹೋಯಿತು. ನಮ್ಮ ಬಾಳೆಯೆಲೆಯಲ್ಲಿ ಈ ಎರಡು ಕ್ರಮಗಳೂ ಹಿಂದಿನಿಂದಲೇ ಕೂಡಿಕೊಂಡಿವೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಎಲೆಯ ಮೇಲೆ ಮೊದಲೇ ಕುಳಿತಿರುತ್ತವೆ. ಅನ್ನದ ಮೇಲೆ ಸಾರು, ಹುಳಿ, ಪಾಯಸ, ಮಜ್ಜಿಗೆ ಸರದಿಯಂತೆ ಬರುತ್ತವೆ.

2010ರಲ್ಲಿ ಯುನೆಸ್ಕೋ ಸಂಸ್ಥೆಯು ಫ್ರೆಂಚರ ಔತಣವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಗೌರವ ಸಂದದ್ದು ಯಾವುದೋ ದುಬಾರಿ ಹೋಟೆಲಿಗೆ ಅಥವಾ ಒಂದು ಭಕ್ಷ್ಯಕ್ಕೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಜನನ, ವಿವಾಹ, ಹುಟ್ಟುಹಬ್ಬ, ಸಾಧನೆ, ಪುನರ್ಮಿಲನ ಮೊದಲಾದ ಸಂದರ್ಭಗಳಲ್ಲಿ ಬಂಧುಮಿತ್ರರು ಒಂದೇ ಮೇಜಿನ ಸುತ್ತ ಕುಳಿತು, ಕ್ರಮವರಿತು, ಮಾತನಾಡುತ್ತ ಉಣ್ಣುವ ಸಾಮಾಜಿಕ ಪದ್ಧತಿಗೆ ಅದು ಸಂದಿದೆ. ಅಂದಮೇಲೆ ಫ್ರೆಂಚರು ತಮ್ಮ ಊಟದಲ್ಲಿ ಅಮೂಲ್ಯವೆಂದು ಜಗತ್ತಿಗೆ ತೋರಿಸಿದ್ದು ಭಕ್ಷ್ಯದ ಬೆಲೆಯನ್ನಲ್ಲ, ಒಟ್ಟಿಗೆ ಕುಳಿತುಕೊಳ್ಳುವುದನ್ನು.

ಮಂಗಳೂರಿಗೂ ಫ್ರಾನ್ಸಿಗೂ ಇರುವ ಹಳೆಯ ನಂಟು ಊಟದ್ದಲ್ಲ, ವಿದ್ಯೆಯದು. ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ 1868ರಲ್ಲಿ ಸ್ಥಾಪನೆಗೊಂಡ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸಂನ್ಯಾಸಿನಿಯರು 1870ರಲ್ಲಿ ಈ ಊರಿಗೆ ಬಂದು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು. ಮೇಲೆ ಹೇಳಿದ ಸೇಂಟ್ ಆಗ್ನೆಸ್ ಕಾಲೇಜು ಅವರ ಸಂಸ್ಥೆಯದೇ. ಇನ್ನು ವಿಶೇಷ ದಿನದ ಊಟವನ್ನು ಯಾರಿಂದಲೂ ಕಲಿಯಬೇಕಾದ ಅಗತ್ಯ ಈ ಊರಿಗೆ ಇರಲಿಲ್ಲ. ಅಷ್ಟಮಿಯಂದು ಕೇದಗೆ ಜಾತಿಯ ಎಲೆಯ ಕೊಟ್ಟೆಯಲ್ಲಿ ಬೇಯುವ ಮೂಡೆ, ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ, ದೇವಸ್ಥಾನಗಳ ಅನ್ನಸಂತರ್ಪಣೆ, ಇವೆಲ್ಲವೂ ಕಾಲವರಿತ ಊಟಗಳು.

ನಮ್ಮ ಓದುಗರಿಗೆ ಅಷ್ಟಾಗಿ ತಿಳಿದಿರದ ಒಂದು ಹಬ್ಬವನ್ನು ಇಲ್ಲಿ ಹೇಳಬೇಕು. ಮಂಗಳೂರಿನ ಕ್ರೈಸ್ತ ಬಾಂಧವರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬವನ್ನು ಆಚರಿಸುತ್ತಾರೆ. ಅದು ಮೇರಿ ಮಾತೆಯ ಜನ್ಮದಿನ, ತೆನೆಹಬ್ಬವೂ ಹೌದು. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಹೊಸ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಮೀನು ಮಾಂಸಗಳ ರುಚಿ ಬಲ್ಲ ಆ ಮನೆಗಳಲ್ಲಿ ಅಂದು ಶುದ್ಧ ಸಸ್ಯಾಹಾರ. ಬಾಳೆಯೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು. ದೂರದೇಶದಲ್ಲಿರುವ ಮಕ್ಕಳಿಗೆ ತೆನೆಯ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಉಂಟು. ಬಾರದವನಿಗೂ ಪಂಕ್ತಿಯಲ್ಲಿ ಒಂದು ಎಲೆಯುಂಟು ಎಂಬುದೇ ಇದರ ತಾತ್ಪರ್ಯವಲ್ಲವೆ?

ಈ ದೃಷ್ಟಿಯಿಂದ ಈಚೆಗೆ ನಾನು ಕಣ್ಣಾರೆ ಕಂಡ ಪ್ರಸಂಗವೊಂದನ್ನು ನಿವೇದಿಸುತ್ತೇನೆ. ಹಾವೇರಿ ಕಡೆಯ ಪರಿಚಿತ ಕುಟುಂಬವೊಂದು ಮಗನ ವೈದ್ಯಪದವಿಯ ಸಂತೋಷಕ್ಕಾಗಿ ನಗರದ ಹೋಟೆಲೊಂದರಲ್ಲಿ ಪಾಶ್ಚಾತ್ಯ ಪದ್ಧತಿಯ ಊಟವನ್ನು ಏರ್ಪಡಿಸಿ, ಉಪನ್ಯಾಸಕ್ಕೆಂದು ಊರಲ್ಲಿದ್ದ ನನ್ನನ್ನೂ ಕರೆದಿತ್ತು. ಮೊದಲು ಸೂಪು ಬಂತು. ಎಂಬತ್ತು ದಾಟಿದ ಅಜ್ಜಿ ಬಟ್ಟಲನ್ನು ಮುಟ್ಟದೆ, ಸೆರಗನ್ನು ಸರಿಪಡಿಸಿಕೊಳ್ಳುತ್ತ ಎಲ್ಲರ ಮುಖವನ್ನೂ ನಗುತ್ತ ನೋಡುತ್ತಿದ್ದರು.

"ಯಾಕಜ್ಜಿ, ಉಣ್ಣವಲ್ಲಿ?" ಎಂದ ಮೊಮ್ಮಗ.

"ನಿನ್ನ ನೋಡಿನ ಹೊಟ್ಟಿ ತುಂಬೇತಿ, ಯಪ್ಪಾ. ನೀವು ಉಣ್ರಿ" ಎಂದರು ಅಜ್ಜಿ.

ಆ ಮಾತಿನಲ್ಲಿ ಪ್ರೀತಿಯಿತ್ತು, ಸಂಕೋಚವೂ ಇತ್ತು. ಹುಡುಗ ಸೂಕ್ಷ್ಮಗ್ರಾಹಿ. ಚಮಚವನ್ನು ಕೆಳಗಿಟ್ಟು ಎದ್ದುಹೋಗಿ ಬಾಣಸಿಗರನ್ನೇ ಕರೆತಂದ. ಅವರು ಬಂಟ್ವಾಳದ ಕಡೆಯವರು. ಕೇಳಿದ್ದಕ್ಕೆ ಏನನ್ನೂ ಮರೆಮಾಚದೆ, ತರಕಾರಿ ಸೂಪಿಗೂ ಕೋಳಿಯೆಲುಬಿನ ಕುದಿನೀರು ಬೀಳುವುದುಂಟೆಂದು ತಿಳಿಸಿ, ಅಜ್ಜಿಯ ಕಡೆ ತಿರುಗಿ, "ನಿನ್ನೆ ಒಂದು ಮಾತು ಹೇಳಿದ್ದರೆ ಬೇರೆ ಪಾತ್ರೆಯಲ್ಲೇ ಮಾಡಿಡುತ್ತಿದ್ದೆ ಅಮ್ಮ. ಈಗಲೂ ಅರ್ಧ ಗಂಟೆ ಕೊಟ್ಟರೆ ಮಾಡಿಕೊಡುತ್ತೇನೆ" ಎಂದರು. ಮೊಮ್ಮಗನು, "ಅಜ್ಜಿಗೊಬ್ಬಾಕಿಗೆ ಅಲ್ಲ, ಎಲ್ಲಾರಿಗೂ ಅದನ್ನ ಮಾಡ್ರಿ" ಎಂದ. ಬಂದ ಸೂಪು ಹಿಂದಿರುಗಿತು. ಅರ್ಧ ಗಂಟೆ ಆ ಮೇಜಿನ ಸುತ್ತ ಹಳೆಯ ಕಥೆಗಳು ನಡೆದವು. ಹುಡುಗನ ಅಜ್ಜ ಒಂದು ಜೊತೆ ಎತ್ತು ಮಾರಿ ಮಗನನ್ನು ಓದಿಸಿದ ಸಂಗತಿಯನ್ನು ಮೊಮ್ಮಕ್ಕಳು ಅಂದೇ ಮೊದಲು ಕೇಳಿದರು. ಅನಂತರ ಬದನೆ, ದೊಣ್ಣೆಮೆಣಸು, ಟೊಮೇಟೊಗಳನ್ನು ಎಣ್ಣೆಯಲ್ಲಿ ಮೆಲ್ಲಗೆ ಬೇಯಿಸಿದ ಪದಾರ್ಥವೂ ಬಿಸಿ ರೊಟ್ಟಿಯೂ ಬಂದವು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, "ನಮ್ಮ ಬದನಿಕಾಯಿ ಪಲ್ಯನ ಐತಿ, ಖಾರ ಒಂದು ಇಲ್ಲ ನೋಡ್ರಿ" ಎಂದಾಗ ಬಾಣಸಿಗರೂ ನಕ್ಕರು.

ಆ ಪದಾರ್ಥವು ದಕ್ಷಿಣ ಫ್ರಾನ್ಸಿನ ನೀಸ್ ಪ್ರಾಂತದ 'ರಟಟೂಯಿ'. ಆ ಸೀಮೆಯ ಸಾಮಾನ್ಯರ ಮನೆಯಡುಗೆ ಅದು. ಫ್ರೆಂಚ್ ಪಾಕವೆಂದರೆ ಮಾಂಸವೇ ಎಂಬ ಭಾವನೆ ಸರಿಯಲ್ಲ. ಹಾಗೆಂದು ಹೆಸರನ್ನು ನೋಡಿ ನಂಬುವುದೂ ಸರಿಯಲ್ಲ. ಸಸ್ಯಾಹಾರವನ್ನು ವ್ರತದಂತೆ ಪಾಲಿಸುವ ನಮ್ಮ ಮನೆಗಳವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಫ್ರೆಂಚರ ಪ್ರಸಿದ್ಧ ಈರುಳ್ಳಿ ಸೂಪಿಗೆ ಸಾಂಪ್ರದಾಯಿಕವಾಗಿ ದನದ ಎಲುಬಿನ ಸಾರವೇ ಆಧಾರ. ಬಾಯಲ್ಲಿ ಕರಗುವ ಎಷ್ಟೋ ಸಿಹಿತಿನಿಸುಗಳನ್ನು ಗಟ್ಟಿಗೊಳಿಸುವ ಜಿಲೆಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಆದದ್ದು. ಅದರ ಬದಲಿಗೆ ಕಡಲಪಾಚಿಯಿಂದ ತೆಗೆದ ಚೈನಾಗ್ರಾಸ್ ಬಳಸಬಹುದು, ಕರಾವಳಿಯ ಮನೆಗಳಿಗೆ ಅದು ಪರಿಚಿತವೇ. ಕೆಲವು ಯುರೋಪಿನ ಗಿಣ್ಣುಗಳಿಗೆ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆ. ಕೆನೆಯ ಕಸ್ಟರ್ಡು, ಸೂಫ್ಲೆ, ಮೇಯೊನೇಸ್ ಇವುಗಳಲ್ಲಿ ಮೊಟ್ಟೆ ಇರುತ್ತದೆ. ಅನೇಕ ಗೊಜ್ಜುಗಳಲ್ಲಿ ದ್ರಾಕ್ಷಾಮದ್ಯ ಸೇರುತ್ತದೆ. ಇನ್ನೊಂದು ಕಡೆ, ಫ್ರೆಂಚರ ನಿತ್ಯದ ಉದ್ದನೆಯ ರೊಟ್ಟಿಗೆ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ ಸಾಕು.

ಆದ್ದರಿಂದ ವಿಶೇಷ ಊಟಕ್ಕೆ ಹೋಗುವ ಮುನ್ನಾದಿನವೇ ದೂರವಾಣಿಯಲ್ಲಿ ಸ್ಪಷ್ಟವಾಗಿ ತಿಳಿಸುವುದು ಒಳಿತು. 'ಸಸ್ಯಾಹಾರ' ಎಂದರಷ್ಟೇ ಸಾಲದು. ಎಲುಬಿನ ಸಾರ, ಜಿಲೆಟಿನ್, ಮೊಟ್ಟೆ, ಮದ್ಯ ಇರಕೂಡದೆಂದು ಒಂದೊಂದನ್ನೂ ಹೆಸರಿಸಿ ಹೇಳಬೇಕು. ಕೇಳುವುದರಲ್ಲಿ ನಾಚಿಕೆಯಿಲ್ಲ. ಉಣ್ಣುವವರು ಯಾರೆಂದು ತಿಳಿದು ಅಡುಗೆ ಮಾಡುವುದರಲ್ಲಿ ಒಳ್ಳೆಯ ಬಾಣಸಿಗನಿಗೆ ಸಂತೋಷವೇ ಹೊರತು ಬೇಸರವಿಲ್ಲ.

ಸಿಹಿಯ ವಿಷಯದಲ್ಲಂತೂ ಮಂಗಳೂರು ಯಾವ ದೇಶಕ್ಕೂ ತಲೆಬಾಗಬೇಕಿಲ್ಲ. 1975ರಲ್ಲಿ ಎಸ್. ಪ್ರಭಾಕರ ಕಾಮತರು ಇಲ್ಲಿ ಐಡಿಯಲ್ ಐಸ್‌ಕ್ರೀಮ್ ಅಂಗಡಿಯನ್ನು ಆರಂಭಿಸಿದರು. ಅಂದಿನಿಂದ ಪರೀಕ್ಷೆಯ ಫಲಿತಾಂಶ, ಹೆಣ್ಣು ನೋಡುವ ಮಾತುಕತೆ, ಮೊದಲ ಸಂಬಳ, ಇವೆಲ್ಲವೂ ಈ ಊರಿನಲ್ಲಿ ಐಸ್‌ಕ್ರೀಮಿನ ಮೇಜಿನ ಮೇಲೆಯೇ ಸಂಪನ್ನಗೊಂಡಿವೆ. ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಒಣಹಣ್ಣುಗಳನ್ನು ಪದರ ಪದರವಾಗಿ ತುಂಬಿದ 'ಗಡ್‌ಬಡ್' ಉಡುಪಿ-ಮಂಗಳೂರು ಸೀಮೆಯ ಸೃಷ್ಟಿ. ಫ್ರೆಂಚರಲ್ಲಿ 'ಪಾರ್ಫೇ' ಎಂಬ ಶೀತಲ ಸಿಹಿಯೊಂದಿದೆ. ಆ ಪದಕ್ಕೆ 'ಪರಿಪೂರ್ಣ' ಎಂದರ್ಥ. ಅವರು ತಮ್ಮದನ್ನು ಪರಿಪೂರ್ಣವೆಂದರು, ನಮ್ಮವರು ತಮ್ಮದನ್ನು ವಿನಯದಿಂದ ಗಡಿಬಿಡಿಯೆಂದರು!

ಓದುಗ ಬಂಧುಗಳೇ, ಊಟ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಅವರವರ ಶಕ್ತಿ, ಅಭಿರುಚಿಗಳಿಗೆ ಬಿಟ್ಟದ್ದು. ಹೊಸ ರುಚಿಯನ್ನು ಅರಿಯಬಯಸುವ ಮಕ್ಕಳನ್ನು ಗದರಿಸುವುದು ಹಿರಿತನವಲ್ಲ. ಆದರೆ ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದವರು ಮೊದಲು ಕಲಿಯುವ ಪಾಠ ಒಂದಿದೆ: ಪಂಕ್ತಿಭೇದ ಸಲ್ಲದು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದು ಮಾತ್ರ ಪಂಕ್ತಿಭೇದವೆಂದು ನಾವು ತಿಳಿದಿದ್ದೇವೆ. ಎಲ್ಲರ ಮುಂದೆ ಒಂದೇ ತಟ್ಟೆಯಿಟ್ಟು, ಅದನ್ನು ಉಣ್ಣಲಾರದ ಒಬ್ಬರನ್ನು ನಡುವೆ ಕೂರಿಸುವುದೂ ಪಂಕ್ತಿಭೇದವೇ. ಸಾವಿರಾರು ರೂಪಾಯಿ ತೆತ್ತ ಮೇಜಿನಲ್ಲಿ ಅಜ್ಜಿಯ ಬಟ್ಟಲು ಮುಟ್ಟದೆ ಉಳಿದರೆ ಆ ಔತಣ ಅಪೂರ್ಣ. ಆ ಬಟ್ಟಲನ್ನು ಮೊದಲು ವಿಚಾರಿಸಿ, ಆಮೇಲೆ ಉಳಿದವರದನ್ನು ನಿಶ್ಚಯಿಸಿದರೆ ಅದು ತಾರಾ ಹೋಟೆಲಾಗಲಿ, ಬಾಳೆಯೆಲೆಯ ಜಗಲಿಯಾಗಲಿ, ಅಲ್ಲಿ ನಡೆದ ಊಟ ಆ ದಿನಕ್ಕೆ ಸಲ್ಲುತ್ತದೆ.