ಹರಿಗೋಲಿನಲ್ಲಿ ಓದಿದ ಪುಸ್ತಕ

ಹೂವಿನಹಡಗಲಿ ತಾಲ್ಲೂಕಿನ ಮಾಗಳವು ತುಂಗಭದ್ರೆಯ ದಡದ ಊರು. ನನ್ನ ಬಾಲ್ಯ ಕಳೆದದ್ದು ಅಲ್ಲಿಯೇ. ಹೊಸಪೇಟೆಗೆ ಹೋದಾಗಲೆಲ್ಲ ಸೋದರಮಾವನವರು ಇಂದ್ರಜಾಲ ಕಾಮಿಕ್ಸ್ ತರುತ್ತಿದ್ದರು. ಮೊದಲು ಓದುವವರೂ ಅವರೇ! 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋದ ಆ ಮಾಲೆ ಕನ್ನಡದಲ್ಲಿಯೂ ಬರುತ್ತಿದ್ದಿತು. ಮಾಂತ್ರಿಕ ಮಾಂಡ್ರೇಕನಿಗಿಂತ ನನಗೆ ಫ್ಯಾಂಟಮನೇ ಹೆಚ್ಚು ಪ್ರಿಯ. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ವೀರನಿಗೆ ಸಾವೇ ಇಲ್ಲವೆಂದು ಕಾಡಿನ ಜನರು ನಂಬಿದ್ದರು. ಓದುಗರಿಗೆ ಗುಟ್ಟು ಗೊತ್ತು: ತಂದೆ ಸತ್ತೊಡನೆ ಮಗನು ಅದೇ ಮುಖವಾಡ ಧರಿಸುತ್ತಾನೆ. ಹೀಗೆ ಇಪ್ಪತ್ತೊಂದು ತಲೆಮಾರು!

ನನ್ನ ಗೆಳೆಯನೊಬ್ಬ ಅಂಬಿಗರ ಮನೆಯವನು. ನಾವು ಏಳನೆಯ ತರಗತಿಯಲ್ಲಿದ್ದಾಗ ಅವನ ತಂದೆ ತೀರಿಕೊಂಡರು. ಅವನು ಶಾಲೆ ಬಿಟ್ಟು ಹರಿಗೋಲು ನಡೆಸತೊಡಗಿದನು. ಒಂದು ಸಂಜೆ ಹೊಳೆ ದಾಟುವವರು ಯಾರೂ ಇರಲಿಲ್ಲ. ಹುಟ್ಟು ಅವನ ಕೈಯಲ್ಲಿತ್ತು. ಓದು ನನ್ನ ಪಾಲಿನದಾಗಿತ್ತು. ಸಾಯುತ್ತಿರುವ ತಂದೆಯ ಬಳಿ ಮಗನು ನಿಂತಿರುವ ಚಿತ್ರ ಬಂದಿತು.

“ಆ ಹಾಳಿ ಇನ್ನೊಮ್ಮಿ ಓದೋ” ಎಂದನು.

ಮುಂದಿನ ಪುಟದಲ್ಲಿ ಕಡಲ್ಗಳ್ಳರೊಡನೆ ಹೊಡೆದಾಟವಿತ್ತು. ನಾನು ಅವಸರದಿಂದ ಹಾಳೆ ಮಗುಚಿದೆನು. ಅವನು ಮತ್ತೆ ಕೇಳಲಿಲ್ಲ. ಹರಿಗೋಲನ್ನು ದಡದ ಕಡೆಗೆ ತಿರುಗಿಸಿದನು.